ದಾರಿಯಲ್ಲಿ ಆಫ್ ಆಗಿ ಮತ್ತೆ ಸ್ಟಾರ್ಟ್ ಆಗುವ ಹಳೆಯ ಕಾರು: ದೋಷ ಹಿಡಿಯುವ ಕ್ರಮ

ಜಯಪುರದಿಂದ ಹೊರಟ ಕಾರು ಶೃಂಗೇರಿ ಮುಟ್ಟುವಷ್ಟರಲ್ಲಿ ಒಮ್ಮೆ ಆಫ್ ಆಗುತ್ತದೆ. ಬಾನೆಟ್ ಎತ್ತಿ ಹತ್ತು ನಿಮಿಷ ಕಾದರೆ ಮತ್ತೆ ಸ್ಟಾರ್ಟ್. ಮಾರನೆಯ ದಿನ ಕೊಪ್ಪದ ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಎದುರು ಅದಕ್ಕೆ ಯಾವ ಕಾಯಿಲೆಯೂ ಇರುವುದಿಲ್ಲ. ಪ್ಲಗ್ ಬದಲಾಗುತ್ತದೆ, ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುವುದಾಗುತ್ತದೆ, ಬಿಲ್ ಕೈಗೆ ಬರುತ್ತದೆ. ವಾರ ಕಳೆದ ಮೇಲೆ ಬಾಳೆಹೊನ್ನೂರು ದಾರಿಯ ಯಾವುದೋ ತಿರುವಿನಲ್ಲಿ ಕಾರು ಮತ್ತೆ ನಿಲ್ಲುತ್ತದೆ. ಹಳೆಯ ಕಾರು ಇಟ್ಟುಕೊಂಡವರಲ್ಲಿ ಈ ಪಾಡು ಪಡದವರು ಕಡಿಮೆ.

ಪೂರ್ತಿ ಕೆಟ್ಟು ನಿಂತ ಎಂಜಿನ್ನಿನ ದೋಷ ಹುಡುಕುವುದು ಸುಲಭ. ಒಮ್ಮೆ ಕೆಟ್ಟು ಒಮ್ಮೆ ಸರಿಯಾಗುವ ಎಂಜಿನ್ ಹಾಗಲ್ಲ. ಪರೀಕ್ಷೆ ಮಾಡುವ ಹೊತ್ತಿಗೆ ದೋಷ ಅಲ್ಲಿರುವುದೇ ಇಲ್ಲ. ಹಾಗಾಗಿ ಇಲ್ಲಿ ಪಾರ್ಟ್ ಬದಲಾಯಿಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದಿದೆ: ಕಾರು ಹೇಗೆ ನಿಂತಿತು, ಎಂಥ ಹೊತ್ತಿನಲ್ಲಿ ನಿಂತಿತು, ನಿಂತ ಕೂಡಲೇ ಎಂಜಿನ್ನಿನಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ನೋಡಿ ಬರೆದಿಡುವುದು. ಈ ಕೆಲಸ ಮೆಕ್ಯಾನಿಕ್‌ನಿಂದ ಆಗದು. ಕಾರು ಓಡಿಸುವ ನಿಮ್ಮಿಂದ ಮಾತ್ರ ಆಗುತ್ತದೆ.

ಯಾವ ಕಾರುಗಳ ಮಾತಿದು?

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅದೇ ವರ್ಷ ಅಂಬಾಸಿಡರ್ ಕೂಡ ನಿಂತಿತು. ಮಾರುತಿ 800ರದೇ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ಹೊತ್ತ ಓಮ್ನಿ 2019ರವರೆಗೆ ಬಂತು. ತಯಾರಿಕೆ ನಿಂತರೂ ಈ ಗಾಡಿಗಳು, ಜೊತೆಗೆ ಜಿಪ್ಸಿ ಮತ್ತು ಮಹೀಂದ್ರ ಡೀಸೆಲ್ ಜೀಪುಗಳು ಮಲೆನಾಡಿನ ತೋಟದ ಮನೆಗಳಲ್ಲಿ ಇನ್ನೂ ದುಡಿಯುತ್ತಿವೆ. 2000ದ ಆಸುಪಾಸಿಗಿಂತ ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಹೆಚ್ಚಾಗಿ ಕಾರ್ಬ್ಯುರೇಟರ್ ಇದೆ, ನಂತರದವುಗಳಲ್ಲಿ ಕಂಪ್ಯೂಟರಿನ ಹತೋಟಿಯಲ್ಲಿ ಪೆಟ್ರೋಲ್ ಚಿಮುಕಿಸುವ ಎಂಪಿಎಫ್‌ಐ. ಮೊದಲು ಕಾರ್ಬ್ಯುರೇಟರ್ ಗಾಡಿಯನ್ನು ನೋಡೋಣ. ಎಂಪಿಎಫ್‌ಐ ಮತ್ತು ಡೀಸೆಲ್ ಗಾಡಿಗಳಿಗೆ ಕ್ರಮ ಬೇರೆ. ಅದು ಮುಂದೆ ಬರುತ್ತದೆ.

ಈ ಸೀಮೆಯ ಹವೆಯೂ ಗಾಡಿಗೆ ಸುಲಭದ್ದಲ್ಲ. ಹತ್ತಿರದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ಮೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನೊಳಗಿನ ಗಾಳಿಯೂ ತೇವ. ತೋಟದ ಮಣ್ಣು ರಸ್ತೆಯ ಕುಲುಕಾಟಕ್ಕೆ ವೈರಿನ ಜೋಡಣೆಗಳು ಸಡಿಲಾಗುತ್ತವೆ. ಏರಿನಲ್ಲಿ ಎರಡನೇ ಗೇರಿನಲ್ಲೇ ಏದುವಾಗ ಬಾನೆಟ್ಟಿನೊಳಗೆ ಬಿಸಿ ತುಂಬುತ್ತದೆ. ತೇವ, ಕುಲುಕು, ಬಿಸಿ: ಆಗಾಗ ಬಂದುಹೋಗುವ ದೋಷಗಳಿಗೆ ಮುಖ್ಯ ಕಾರಣಗಳೇ ಈ ಮೂರು.

ಎಂಜಿನ್ ಯಾಕೆ ನಿಲ್ಲುತ್ತದೆ?

ಪೆಟ್ರೋಲ್ ಎಂಜಿನ್ ಓಡಲು ಸರಿಯಾದ ಹೊತ್ತಿಗೆ ಪ್ಲಗ್ಗಿನಲ್ಲಿ ಕಿಡಿ ಬೇಕು, ತಕ್ಕಷ್ಟು ಪೆಟ್ರೋಲ್ ಮತ್ತು ಗಾಳಿ ಬೇಕು, ಸಿಲಿಂಡರಿನಲ್ಲಿ ಒತ್ತಡ ಬೇಕು. ಒತ್ತಡ ಹತ್ತು ನಿಮಿಷಕ್ಕೊಮ್ಮೆ ಹೋಗಿ ಬರುವ ವಸ್ತುವಲ್ಲ. ಆದ್ದರಿಂದ ನಿಂತು ಮತ್ತೆ ಓಡುವ ಕಾರಿನಲ್ಲಿ ಮೊದಲು ಅನುಮಾನಿಸಬೇಕಾದ್ದು ಎರಡನ್ನೇ. ಗ್ಯಾರೇಜಿನ ಮಾತಲ್ಲಿ ಹೇಳುವುದಾದರೆ, ಒಂದೋ ಕರೆಂಟು ಬರುತ್ತಿಲ್ಲ, ಇಲ್ಲವೇ ಪೆಟ್ರೋಲ್ ಬರುತ್ತಿಲ್ಲ.

ಎರಡೂ ಎಂಜಿನ್ನನ್ನು ನಿಲ್ಲಿಸುವ ರೀತಿ ಬೇರೆ ಬೇರೆ. ಕಿಡಿಗೆ ದಾಸ್ತಾನು ಇಲ್ಲ. ಕರೆಂಟು ತಪ್ಪಿದರೆ ಕೀ ತಿರುಗಿಸಿ ಆಫ್ ಮಾಡಿದಂತೆಯೇ ಎಂಜಿನ್ ಥಟ್ಟನೆ ಸುಮ್ಮನಾಗುತ್ತದೆ. ಪೆಟ್ರೋಲಿಗೆ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಒಂದಿಷ್ಟು ದಾಸ್ತಾನಿದೆ. ಪಂಪಿನಿಂದ ಬರುವುದು ನಿಂತರೂ ಬಟ್ಟಲಿನಲ್ಲಿದ್ದದ್ದು ಖಾಲಿಯಾಗುವವರೆಗೆ ಎಂಜಿನ್ ಓಡುತ್ತದೆ. ಮೊದಲು ಎಳೆತ ಕಡಿಮೆಯಾಗುತ್ತದೆ, ಆಮೇಲೆ ಜರ್ಕ್ ಹೊಡೆಯುತ್ತದೆ, ಎಕ್ಸಲೇಟರ್ ಒತ್ತಿದಷ್ಟೂ ಸೊರಗಿ ಕೊನೆಗೆ ನಿಲ್ಲುತ್ತದೆ. ಈ ವ್ಯತ್ಯಾಸ ಗೊತ್ತಿದ್ದರೆ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ.

ಕಾರು ನಿಂತಾಗ ಮೊದಲು ಸುರಕ್ಷತೆ

1. ಎಂಜಿನ್ ಆಫ್ ಆದ ಮೇಲೆ ಬ್ರೇಕ್ ಬೂಸ್ಟರಿನಲ್ಲಿ ಒಂದೆರಡು ಸಲ ಒತ್ತುವಷ್ಟು ಮಾತ್ರ ಬಲ ಉಳಿದಿರುತ್ತದೆ. ಪೆಡಲನ್ನು ಪದೇ ಪದೇ ಒತ್ತಿ ಬಿಡಬೇಡಿ. ಒಮ್ಮೆ ಗಟ್ಟಿಯಾಗಿ ಒತ್ತಿ ಹಿಡಿದು, ಹ್ಯಾಂಡ್‌ಬ್ರೇಕನ್ನೂ ನೆರವಿಗೆ ತೆಗೆದುಕೊಂಡು ಎಡಕ್ಕೆ ನಿಲ್ಲಿಸಿ.

2. ಗಾಡಿ ಉರುಳುತ್ತಿರುವಾಗ ಕೀಯನ್ನು ಕೊನೆಯವರೆಗೆ ಹಿಂದಕ್ಕೆ ತಿರುಗಿಸಬೇಡಿ, ಹೊರಗೂ ಎಳೆಯಬೇಡಿ. ಸ್ಟಿಯರಿಂಗ್ ಲಾಕ್ ಆಗುತ್ತದೆ.

3. ಏರಿಗೆ ಮುಖ ಮಾಡಿ ನಿಂತರೆ ಮೊದಲನೇ ಗೇರ್, ಇಳಿಜಾರಿಗೆ ಮುಖ ಮಾಡಿ ನಿಂತರೆ ರಿವರ್ಸ್ ಗೇರ್ ಹಾಕಿ. ಇಳಿಜಾರಿನ ಕಡೆಯಿಂದ ಚಕ್ರಕ್ಕೆ ಕಲ್ಲು ಅಥವಾ ಮರದ ತುಂಡು ಕೊಡಿ.

4. ಘಾಟಿಯ ತಿರುವಿನಲ್ಲಿ ಹಿಂದಿನಿಂದ ಬರುವ ಬಸ್ಸಿಗೆ ನಿಮ್ಮ ಗಾಡಿ ಕಾಣುವುದಿಲ್ಲ. ಎಚ್ಚರಿಕೆಯ ತ್ರಿಕೋನ ಫಲಕವನ್ನೋ ಸೊಪ್ಪಿನ ಕೊಂಬೆಯನ್ನೋ ತಿರುವಿಗಿಂತ ಸಾಕಷ್ಟು ಹಿಂದೆ ಇಡಿ. ಹೊರಡುವಾಗ ಕೊಂಬೆ, ಕಲ್ಲುಗಳನ್ನು ತಪ್ಪದೆ ತೆಗೆಯಿರಿ. ರಾತ್ರಿ ಬೈಕಿನಲ್ಲಿ ಬರುವವರಿಗೆ ಆ ಕಲ್ಲು ಪ್ರಾಣಾಂತಿಕವಾಗಬಹುದು.

5. ಕಾಡಿನ ದಾರಿಯಲ್ಲಿ ಹಲವೆಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ದೋಷ ಪತ್ತೆಯಾಗುವವರೆಗೆ ರಾತ್ರಿ ಪ್ರಯಾಣ ಬೇಡ. ಕೆರೆಕಟ್ಟೆ ಅಥವಾ ಆಗುಂಬೆಯ ಘಾಟಿ ಇಳಿಯುವುದಂತೂ ಬೇಡವೇ ಬೇಡ. ತುರ್ತಿದ್ದರೆ 112ಕ್ಕೆ ಕರೆ ಮಾಡಿ.

ನಿಂತ ಬಗೆ ಏನು ಹೇಳುತ್ತದೆ?

ಕಾರು ನಿಂತ ಕೂಡಲೇ ಈ ಪ್ರಶ್ನೆಗಳಿಗೆ ಉತ್ತರ ಬರೆದಿಡಿ. ಪ್ರತಿ ಉತ್ತರವೂ ಹುಡುಕುವ ಜಾಗವನ್ನು ಕಿರಿದಾಗಿಸುತ್ತದೆ.

1. ಥಟ್ಟನೆ ನಿಂತಿತೇ, ಸೊರಗಿ ನಿಂತಿತೇ? ಥಟ್ಟನೆ ಎಂದರೆ ಕರೆಂಟು, ಸೊರಗಿ ಎಂದರೆ ಪೆಟ್ರೋಲ್.

2. ನಿಂತಾಗ ಡ್ಯಾಶ್‌ಬೋರ್ಡಿನ ಕೆಂಪು ದೀಪಗಳು ಹತ್ತಿದವೇ? ಕೀ ಆನ್ ಇದ್ದು ಎಂಜಿನ್ ನಿಂತರೆ ಬ್ಯಾಟರಿ ಮತ್ತು ಆಯಿಲ್ ದೀಪ ಹತ್ತಬೇಕು. ದೀಪವೇ ಇಲ್ಲದೆ ಎಲ್ಲ ಒಟ್ಟಿಗೆ ಸತ್ತರೆ ಬ್ಯಾಟರಿ ಟರ್ಮಿನಲ್, ಅರ್ತ್ ಪಟ್ಟಿ, ಮುಖ್ಯ ಫ್ಯೂಸ್ ಅಥವಾ ಕೀ ಸ್ವಿಚ್ ಕಡೆ ನೋಡಿ.

3. ಆರ್‌ಪಿಎಂ ಮೀಟರ್ ಇರುವ ಗಾಡಿಯಾದರೆ, ಚಕ್ರ ಉರುಳುತ್ತಾ ಗೇರಿನಲ್ಲಿರುವಾಗಲೇ ಮುಳ್ಳು ಸೊನ್ನೆಗೆ ಬಿತ್ತೇ? ಬಿದ್ದರೆ ಕರೆಂಟಿನ ದೋಷಕ್ಕೆ ಬಲವಾದ ಸುಳಿವು ಅದು.

4. ತಣ್ಣಗಿರುವಾಗ ನಿಂತಿತೇ, ಬಿಸಿಯಾದ ಮೇಲೆಯೇ? ಬಿಸಿಯಾಗಿ ನಿಂತು ತಣ್ಣಗಾದ ಮೇಲೆ ಸ್ಟಾರ್ಟ್ ಆದರೆ ಕಾಯಿಲ್, ಕಂಡೆನ್ಸರ್, ಇಗ್ನೈಟರ್ ಅಥವಾ ಪೈಪಿನಲ್ಲಿ ಕುದಿದ ಪೆಟ್ರೋಲ್.

5. ಮಳೆಯಲ್ಲಿ, ನೀರು ನಿಂತ ರಸ್ತೆ ದಾಟಿದ ಮೇಲೆ ಮಾತ್ರವೇ? ಹಾಗಿದ್ದರೆ ಪ್ಲಗ್ ವೈರ್ ಮತ್ತು ಡಿಸ್ಟ್ರಿಬ್ಯೂಟರ್ ಕ್ಯಾಪ್.

6. ಗುಂಡಿಗೆ ಇಳಿದಾಗ, ತಿರುವಿನಲ್ಲಿ ವಾಲಿದಾಗ ಮಾತ್ರವೇ? ಸಡಿಲ ವೈರ್, ಅರ್ತ್, ಟರ್ಮಿನಲ್.

7. ಏರಿನಲ್ಲಿ, ಅಥವಾ ಪೆಟ್ರೋಲ್ ಕಾಲು ಟ್ಯಾಂಕಿಗೆ ಇಳಿದಾಗ ಮಾತ್ರವೇ? ಟ್ಯಾಂಕಿನ ಕಸ, ಫಿಲ್ಟರ್, ಪಂಪ್.

8. ಎಕ್ಸಲೇಟರಿನಿಂದ ಕಾಲು ತೆಗೆದಾಗ ಮಾತ್ರವೇ? ಕಾರ್ಬ್ಯುರೇಟರಿನ ಐಡ್ಲಿಂಗ್ ದಾರಿ ಅಥವಾ ಅದರ ಸೊಲೆನಾಯ್ಡ್.

9. ಸೆಲ್ಫ್ ಹೊಡೆಯುವಾಗ ಎಂಜಿನ್ ಹತ್ತಿಕೊಂಡು, ಕೀ ಬಿಟ್ಟ ಕೂಡಲೇ ಆಫ್ ಆಗುತ್ತದೆಯೇ? ಕೀ ಸ್ವಿಚ್ಚಿನ ಸವೆದ ಕಾಂಟ್ಯಾಕ್ಟ್, ಅಥವಾ ಕಾಯಿಲಿಗೆ ಬ್ಯಾಲಸ್ಟ್ ರೆಸಿಸ್ಟರ್ ಇರುವ ಗಾಡಿಗಳಲ್ಲಿ ಆ ರೆಸಿಸ್ಟರ್.

ನಿಂತ ಜಾಗದಲ್ಲೇ ಮಾಡುವ ಪರೀಕ್ಷೆ

ದೋಷ ಇನ್ನೂ ಜೀವಂತವಾಗಿರುವುದು ಕಾರು ನಿಂತ ಮೊದಲ ಐದು ನಿಮಿಷಗಳಲ್ಲಿ. ಸುರಕ್ಷಿತ ಜಾಗದಲ್ಲಿದ್ದರೆ ಮಾತ್ರ ಈ ಕ್ರಮದಲ್ಲಿ ನೋಡಿ. ಜೊತೆಗೊಬ್ಬರು ಇರಬೇಕು. ಬೀಡಿ, ಸಿಗರೇಟು, ಬೆಂಕಿ ಹತ್ತಿರ ಸುಳಿಯಬಾರದು.

1. ಯಾವ ವೈರನ್ನೂ ಮುಟ್ಟುವ ಮೊದಲು ಮೂಗು, ಕಣ್ಣು ಉಪಯೋಗಿಸಿ. ಪೆಟ್ರೋಲ್ ವಾಸನೆ ಜೋರಾಗಿದ್ದರೆ, ಎಲ್ಲಾದರೂ ಸೋರುತ್ತಿದ್ದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ದೂರ ಸರಿಯಿರಿ.

2. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿಯನ್ನು ಒಳಕ್ಕೆಳೆದುಕೊಂಡ ಜೋರು ಶಬ್ದ ಬಂದು, ಆಮೇಲೆ ಕಾರು ಸರಿಯಾಗಿ ಓಡಿದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬಾರದಿದ್ದರೆ ಪಂಪ್ ಎಷ್ಟು ಎಳೆದರೂ ಪೆಟ್ರೋಲ್ ಮೇಲೆ ಬರುವುದಿಲ್ಲ.

3. ಏರ್ ಫಿಲ್ಟರ್ ತೆಗೆದು ಕಾರ್ಬ್ಯುರೇಟರಿನ ಬಾಯಿಗೆ ಟಾರ್ಚ್ ಬಿಡಿ. ಕೀ ಆಫ್ ಇರಲಿ. ಎಕ್ಸಲೇಟರ್ ತಂತಿಯನ್ನು ಕೈಯಿಂದ ಎಳೆದಾಗ ಒಳಗೆ ಪೆಟ್ರೋಲಿನ ತೆಳು ಧಾರೆ ಚಿಮ್ಮಬೇಕು. ಚಿಮ್ಮಿದರೆ ಬಟ್ಟಲಿನಲ್ಲಿ ಪೆಟ್ರೋಲ್ ಇದೆ. ಚಿಮ್ಮದಿದ್ದರೆ ದೋಷ ಪೆಟ್ರೋಲಿನ ಕಡೆಯದು ಎಂದು ಬಹುಮಟ್ಟಿಗೆ ತಿಳಿಯಬಹುದು. ನೋಡಿಯಾದ ಕೂಡಲೇ ಫಿಲ್ಟರನ್ನು ಮೊದಲಿನಂತೆ ಕೂರಿಸಿ.

4. ಈಗ ಕಿಡಿ. ಎಂಜಿನ್ನಿನ ಪ್ಲಗ್ ಬಿಚ್ಚಬೇಡಿ. ಬಿಚ್ಚಿದ ತೂತಿನಿಂದ ಪೆಟ್ರೋಲಿನ ಆವಿ ಹೊರಗೆ ಬರುತ್ತದೆ. ನಿಮ್ಮಲ್ಲಿರುವ ಹೆಚ್ಚುವರಿ ಪ್ಲಗ್ಗನ್ನು ಒಂದು ಪ್ಲಗ್ ವೈರಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಎಂಜಿನ್ನಿನ ಲೋಹಕ್ಕೆ ಗಟ್ಟಿಯಾಗಿ ತಾಗುವಂತೆ ಜಂಪರ್ ವೈರಿನಿಂದ ಕಟ್ಟಿ, ಕೈ ದೂರವಿಟ್ಟು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಚಟಚಟ ಸದ್ದಿನ ನೀಲಿ ಕಿಡಿ ಬಂದರೆ ಕರೆಂಟು ಸರಿ. ಕೆಂಪು, ಹಳದಿ ಬಣ್ಣದ ಬಡಕಲು ಕಿಡಿಯಾದರೆ ಅರೆಜೀವ. ಏನೂ ಇಲ್ಲದಿದ್ದರೆ ಕರೆಂಟಿನ ದೋಷ. ಈ ವೈರಿನಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆ. ಬರಿಗೈಯಲ್ಲಿ ಹಿಡಿಯಬೇಡಿ, ಮಳೆಯಲ್ಲಿ ನಿಂತು ಈ ಪರೀಕ್ಷೆ ಮಾಡಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹತ್ತಿರ ಬರಬಾರದು.

5. ಕಿಡಿ ಇಲ್ಲದಿದ್ದರೆ ಟೆಸ್ಟ್ ಲ್ಯಾಂಪ್ ತೆಗೆದುಕೊಳ್ಳಿ. 12 ವೋಲ್ಟಿನ ಚಿಕ್ಕ ಬಲ್ಬಿಗೆ ಎರಡು ವೈರ್ ಸೇರಿಸಿದರೆ ಅದೇ ಟೆಸ್ಟ್ ಲ್ಯಾಂಪ್. ಕೀ ಆನ್ ಮಾಡಿ ಒಂದು ತುದಿಯನ್ನು ಕಾಯಿಲಿನ ಪ್ಲಸ್ ಟರ್ಮಿನಲ್ಲಿಗೆ, ಇನ್ನೊಂದನ್ನು ಬಾಡಿಯ ಲೋಹಕ್ಕೆ ಹಿಡಿಯಿರಿ. ಬಲ್ಬು ಹತ್ತಿದರೆ ಕಾಯಿಲಿನವರೆಗೆ ಕರೆಂಟು ಬರುತ್ತಿದೆ, ದೋಷ ಕಾಯಿಲಿನಲ್ಲೋ ಡಿಸ್ಟ್ರಿಬ್ಯೂಟರಿನಲ್ಲೋ ಇದೆ. ಹತ್ತದಿದ್ದರೆ ಫ್ಯೂಸ್, ಕೀ ಸ್ವಿಚ್, ನಡುವಿನ ವೈರುಗಳನ್ನು ನೋಡಬೇಕು.

ಸೆಲ್ಫನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ನಡುನಡುವೆ ಅರ್ಧ ನಿಮಿಷ ಬಿಡುವು ಕೊಡಿ. ಇಲ್ಲದಿದ್ದರೆ ಒಂದು ದೋಷದ ಜೊತೆಗೆ ಬ್ಯಾಟರಿಯೂ ಇಳಿದು ಇನ್ನೊಂದು ತಲೆನೋವು ಸೇರುತ್ತದೆ.

ಕರೆಂಟಿನ ಕಡೆ ಎಲ್ಲೆಲ್ಲಿ ನೋಡಬೇಕು?

*ಬ್ಯಾಟರಿ ಮತ್ತು ಅರ್ತ್.* ಖರ್ಚಿಲ್ಲದ ಕೆಲಸ ಇದು, ಇಲ್ಲಿಂದಲೇ ಶುರು ಮಾಡಿ. ಟರ್ಮಿನಲ್ಲಿನ ಬಿಳಿ, ಹಸಿರು ಕಿಲುಬನ್ನು ತಿಕ್ಕಿ ತೆಗೆದು ಬಿಗಿ ಮಾಡಿ. ಎಂಜಿನ್ನಿನಿಂದ ಬಾಡಿಗೆ ಬರುವ ಅರ್ತ್ ಪಟ್ಟಿ ಮಲೆನಾಡಿನ ತೇವಕ್ಕೆ ಬೋಲ್ಟಿನ ಅಡಿಯಲ್ಲೇ ತುಕ್ಕು ಹಿಡಿಯುತ್ತದೆ. ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ ಮತ್ತೆ ಹಾಕಿ. ಎಂಜಿನ್ ಆಫ್ ಇರುವಾಗ ಬ್ಯಾಟರಿ ಸುಮಾರು 12.6 ವೋಲ್ಟ್, ಓಡುವಾಗ 13.8ರಿಂದ 14.5 ವೋಲ್ಟ್ ತೋರಿಸಬೇಕು.

*ಕಾಯಿಲ್.* ಅದರೊಳಗಿನ ಸಣ್ಣ ತಂತಿ ಎಲ್ಲೋ ಒಡೆದಿದ್ದರೆ, ಬಿಸಿಯಾದಾಗ ಹಿಗ್ಗಿ ಸಂಪರ್ಕ ಬಿಡುತ್ತದೆ, ತಣ್ಣಗಾದಾಗ ಕೂಡುತ್ತದೆ. ಬಿಸಿಲಲ್ಲಿ ಏರು ಹತ್ತಿದ ಮೇಲೆ ನಿಂತು, ಅರ್ಧ ಗಂಟೆ ಬಿಟ್ಟು ಏನೂ ಆಗದಂತೆ ಓಡುವುದು ಇದೇ ಕಾರಣಕ್ಕೆ. ತಣ್ಣಗಿನ ಕಾಯಿಲನ್ನು ಮೀಟರಿನಲ್ಲಿ ಅಳೆದರೆ ಎಲ್ಲ ಸರಿಯಾಗಿ ಕಾಣುತ್ತದೆ. ನಿಂತ ಹೊತ್ತಿನಲ್ಲಿ, ಬಿಸಿ ಇರುವಾಗಲೇ ಅಳೆದು, ಆಮೇಲೆ ತಣ್ಣಗಾದಾಗಿನ ಅಳತೆಯೊಂದಿಗೆ ಹೋಲಿಸಬೇಕು.

*ಪಾಯಿಂಟ್ ಮತ್ತು ಕಂಡೆನ್ಸರ್.* ಅಂಬಾಸಿಡರ್, ಪದ್ಮಿನಿಯಂಥ ಗಾಡಿಗಳಲ್ಲಿ ಪಾಯಿಂಟ್ ತೆರೆದಾಗಿನ ಅಂತರ 0.4 ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು. ನಿಖರ ಅಳತೆ ನಿಮ್ಮ ಗಾಡಿಯ ಕೈಪಿಡಿಯಲ್ಲಿರುತ್ತದೆ. ಪಾಯಿಂಟ್ ಪದೇ ಪದೇ ಸುಟ್ಟು ಕಪ್ಪಾಗುತ್ತಿದ್ದರೆ ಕಂಡೆನ್ಸರ್ ಮೇಲೆ ಅನುಮಾನ ಇರಲಿ. ಇದೂ ಬಿಸಿಗೆ ಕೈಕೊಟ್ಟು ತಣ್ಣಗಾದಾಗ ಸುಧಾರಿಸುವ ಜಾತಿ.

*ಡಿಸ್ಟ್ರಿಬ್ಯೂಟರ್ ಒಳಗಿನ ಸಣ್ಣ ವೈರ್.* ಅನುಭವಿ ಮೆಕ್ಯಾನಿಕ್‌ಗಳ ಕಣ್ಣನ್ನೂ ತಪ್ಪಿಸುವ ದೋಷ ಇದು. ಎಕ್ಸಲೇಟರ್ ಒತ್ತಿ ಬಿಟ್ಟಾಗಲೆಲ್ಲ ವ್ಯಾಕ್ಯೂಮ್ ಅಡ್ವಾನ್ಸ್ ಒಳಗಿನ ತಟ್ಟೆಯನ್ನು ತುಸು ತಿರುಗಿಸುತ್ತದೆ. ಅದರ ಜೊತೆ ಬಾಗಿ ಬಾಗಿ ಸಣ್ಣ ವೈರ್ ಪ್ಲಾಸ್ಟಿಕ್ಕಿನೊಳಗೇ ತುಂಡಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಆಗಿರುವುದಿಲ್ಲ. ವೈರನ್ನು ಮೃದುವಾಗಿ ಎಳೆದು ನೋಡಿ. ರಬ್ಬರಿನಂತೆ ಹಿಗ್ಗಿದರೆ ಒಳಗಿನ ತಾಮ್ರ ತುಂಡಾಗಿದೆ.

*ಕ್ಯಾಪ್ ಮತ್ತು ಪ್ಲಗ್ ವೈರ್.* ಕ್ಯಾಪಿನ ಒಳಗೆ ಪೆನ್ಸಿಲ್ ಗೀರಿನಂಥ ಕಪ್ಪು ಗೆರೆಗಳಿದ್ದರೆ ಕಿಡಿ ಪ್ಲಗ್ಗಿಗೆ ಹೋಗದೆ ಆ ಗೆರೆಯ ಮೇಲೆ ಹರಿದುಹೋಗುತ್ತಿದೆ ಎಂದರ್ಥ. ಒರೆಸಿದರೆ ಸಾಲದು, ಕ್ಯಾಪ್ ಬದಲಾಯಿಸಬೇಕು.

*ಇಲಿ ಕಡಿದ ವೈರ್.* ಅಡಿಕೆ, ಭತ್ತ ಇಡುವ ಜಾಗದ ಪಕ್ಕದ ಶೆಡ್ಡಿನಲ್ಲಿ ಕಾರು ನಿಲ್ಲುವುದಾದರೆ ಇದನ್ನು ಮೊದಲೇ ನೋಡಿ. ಅರ್ಧ ಕಡಿದ ವೈರ್ ಒಂದೆರಡು ಎಳೆಯಲ್ಲಿ ಜೋತಾಡುತ್ತಿದ್ದು, ಕುಲುಕಿದಾಗ ಬಿಟ್ಟು ಮತ್ತೆ ಕೂಡುತ್ತದೆ.

ಪೆಟ್ರೋಲಿನ ಕಡೆ ಎಲ್ಲೆಲ್ಲಿ ನೋಡಬೇಕು?

*ಟ್ಯಾಂಕಿನ ತುಕ್ಕು ಮತ್ತು ಕಸ.* ಎಂಜಿನ್ ಎಳೆಯುವಾಗ ಕಸ ಜಾಲರಿಗೆ ಬಂದು ಅಂಟುತ್ತದೆ. ಎಂಜಿನ್ ನಿಂತ ಮೇಲೆ ಎಳೆತವಿಲ್ಲದೆ ಕೆಳಗೆ ಬೀಳುತ್ತದೆ. ಆದ್ದರಿಂದಲೇ ಐದು ನಿಮಿಷ ಬಿಟ್ಟರೆ ಕಾರು ತಾನಾಗಿ ಸರಿಹೋದಂತೆ ಕಾಣುತ್ತದೆ. ಪಾರದರ್ಶಕ ಫಿಲ್ಟರಿನಲ್ಲಿ ಕಂದು ಪುಡಿ ಕಂಡರೆ ಫಿಲ್ಟರ್ ಬದಲಾಯಿಸಿದರಷ್ಟೇ ಸಾಲದು, ಟ್ಯಾಂಕ್ ಇಳಿಸಿ ತೊಳೆಸಬೇಕು.

*ನೀರು ಮತ್ತು ಎಥೆನಾಲ್.* ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ಸಾಮಾನ್ಯವಾಗಿ ಬಂಕಿನಲ್ಲಿ ಸಿಗುವುದೂ ಅದೇ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಎಥೆನಾಲೂ ಸೇರಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದು ತಳದಿಂದಲೇ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕನ್ನು ಅರೆಖಾಲಿ ಬಿಡಬೇಡಿ. ಹಳೆಯ ಗಾಡಿಗಳ ರಬ್ಬರ್ ಪೈಪುಗಳನ್ನು ಇಷ್ಟು ಎಥೆನಾಲಿಗೆಂದು ಮಾಡಿದ್ದಲ್ಲ. ಉಬ್ಬಿದ, ಬಿರುಕು ಬಿಟ್ಟ ಪೈಪುಗಳನ್ನು ಎಥೆನಾಲ್ ತಡೆಯುವ ಹೊಸ ಪೈಪುಗಳಿಗೆ ಬದಲಾಯಿಸಿ. ಪಂಪಿನ ಮುಂಚಿನ ಪೈಪಿನಲ್ಲಿ ಬಿರುಕಿದ್ದರೆ ಪೆಟ್ರೋಲ್ ಹೊರಗೆ ಸೋರದೆಯೂ ಗಾಳಿ ಒಳಗೆ ಸೇರುತ್ತದೆ.

*ಪೈಪಿನಲ್ಲಿ ಕುದಿಯುವ ಪೆಟ್ರೋಲ್.* ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ. ಘಾಟಿ ಹತ್ತುವಾಗ ಎಂಜಿನ್ ದುಡಿತ ಹೆಚ್ಚು, ಎದುರಿನಿಂದ ಬರುವ ಗಾಳಿ ಕಡಿಮೆ. ಪೈಪು ಸೈಲೆನ್ಸರಿನ ಮೊದಲ ಕೊಳವೆಗೆ ಹತ್ತಿರ ಬಂದಿದ್ದರೆ ಒಳಗಿನ ಪೆಟ್ರೋಲ್ ಆವಿಯಾಗಿ ಪಂಪ್ ಬರೀ ಆವಿಯನ್ನು ಎಳೆಯುತ್ತದೆ. ಬಾನೆಟ್ ತೆರೆದು ಕಾಯುವುದೇ ಆ ಹೊತ್ತಿನ ಮದ್ದು. ಶಾಶ್ವತ ಪರಿಹಾರವೆಂದರೆ ಪೈಪನ್ನು ಅದರ ಮೂಲ ದಾರಿಯಲ್ಲೇ ಕೂರಿಸುವುದು, ಕಳಚಿಹೋದ ಬಿಸಿ ತಡೆಯುವ ತಗಡನ್ನು ಮರಳಿ ಹಾಕುವುದು.

*ಐಡ್ಲಿಂಗ್ ಸೊಲೆನಾಯ್ಡ್.* ಕಾರ್ಬ್ಯುರೇಟರ್ ಇರುವ ಮಾರುತಿಯಲ್ಲಿ ಕೀ ಆನ್ ಮಾಡಿದಾಗ ಕಾರ್ಬ್ಯುರೇಟರಿನಿಂದ 'ಟಿಕ್' ಎಂಬ ಸಣ್ಣ ಸದ್ದು ಬರಬೇಕು. ಅದರ ವೈರ್ ಸಡಿಲಾದರೆ ಕಾಲು ತೆಗೆದ ಕೂಡಲೇ ಎಂಜಿನ್ ಆಫ್ ಆಗುತ್ತದೆ, ಎಕ್ಸಲೇಟರ್ ಹಿಡಿದಿದ್ದರೆ ಓಡುತ್ತದೆ.

ಎಂಪಿಎಫ್‌ಐ ಕಾರುಗಳಲ್ಲಿ

ಇಲ್ಲಿ ಬಟ್ಟಲಿನ ದಾಸ್ತಾನಿಲ್ಲ. ಪಂಪ್ ನಿಂತರೆ ಒಂದೆರಡು ಸೆಕೆಂಡಿನಲ್ಲೇ ಎಂಜಿನ್ ನಿಲ್ಲುತ್ತದೆ. ಹಾಗಾಗಿ ಥಟ್ಟನೆ, ಸೊರಗಿ ಎಂಬ ಭೇದವನ್ನು ಇಲ್ಲಿ ಪೂರ್ತಿ ನಂಬುವಂತಿಲ್ಲ.

1. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡು ಪಂಪಿನ ಗುಂಯ್ ಸದ್ದು ಕೇಳಬೇಕು. ನಿಂತ ಹೊತ್ತಿನಲ್ಲಿ ಆ ಸದ್ದಿಲ್ಲದಿದ್ದರೆ ಫ್ಯೂಸ್, ಪಂಪ್ ರಿಲೇ, ಪಂಪಿನ ಅರ್ತ್ ನೋಡಿ.

2. ಪಂಪ್ ಸದ್ದು ಇದೆ, ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಆದರೂ ಬಿಸಿ ಇರುವಾಗ ಸ್ಟಾರ್ಟ್ ಆಗುವುದಿಲ್ಲ ಎಂದರೆ ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರನ್ನು ಅನುಮಾನಿಸಿ. ಎಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ತಿಳಿಸುವುದೇ ಈ ಸೆನ್ಸರ್. ಅದು ಸುಮ್ಮನಾದರೆ ಕಿಡಿಯೂ ಪೆಟ್ರೋಲೂ ಒಟ್ಟಿಗೆ ನಿಲ್ಲುತ್ತವೆ.

3. ಚೆಕ್ ಎಂಜಿನ್ ದೀಪ ಹತ್ತಿದ್ದರೆ ಸ್ಕ್ಯಾನರ್ ಹಾಕಿಸಿ ಕೋಡ್ ಬರೆದುಕೊಳ್ಳಿ. ಬರೆದುಕೊಳ್ಳುವ ಮೊದಲು ಬ್ಯಾಟರಿ ವೈರ್ ತೆಗೆಯಬೇಡಿ. ಕೋಡ್ ಅಳಿಸಿಹೋಗುತ್ತದೆ.

4. ಮೇಲೆ ಹೇಳಿದ ಹೆಚ್ಚುವರಿ ಪ್ಲಗ್ಗಿನ ಪರೀಕ್ಷೆಯನ್ನು ಇಂಥ ಕಾರುಗಳಲ್ಲಿ ನೀವಾಗಿ ಮಾಡಬೇಡಿ. ಇಗ್ನಿಷನ್ ಮಾಡ್ಯೂಲಿಗೂ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೂ ಹಾನಿಯಾಗಬಹುದು.

ಡೀಸೆಲ್ ಜೀಪಿನಲ್ಲಿ

ಹಳೆಯ ಡೀಸೆಲ್ ಎಂಜಿನ್ನಿಗೆ ಪ್ಲಗ್ಗಿನ ಕಿಡಿ ಬೇಡ. ಅದು ನಿಂತರೆ ಹೆಚ್ಚಾಗಿ ಡೀಸೆಲ್ ದಾರಿಯಲ್ಲಿ ಏರ್ ಹಿಡಿದಿರುತ್ತದೆ, ಫಿಲ್ಟರಿನಲ್ಲಿ ನೀರು ಸೇರಿರುತ್ತದೆ, ಇಲ್ಲವೇ ಪಂಪಿನ ಸ್ಟಾಪ್ ಸೊಲೆನಾಯ್ಡಿನ ವೈರ್ ಸಡಿಲಾಗಿರುತ್ತದೆ. ಎಳೆದು ಆಫ್ ಮಾಡುವ ಕೇಬಲ್ ಇದ್ದರೆ ಅದು ಪೂರ್ತಿ ಒಳಗೆ ಹೋಗಿದೆಯೇ ನೋಡಿ. ಮೊದಲು ಫಿಲ್ಟರಿನ ತಳದಿಂದ ನೀರು ಬಸಿಯಿರಿ. ಆಮೇಲೆ ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪ್ ಒತ್ತಿ, ಸ್ಕ್ರೂ ಬಿಗಿಮಾಡಿ. ಮತ್ತೆ ಮತ್ತೆ ಏರ್ ಹಿಡಿಯುತ್ತಿದ್ದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪ್ ಮತ್ತು ವಾಷರುಗಳಲ್ಲಿ ಗಾಳಿ ಎಳೆಯುವ ಜಾಗವಿದೆ. ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಪೈಪಿನ ಸೋರಿಕೆಗೆ ಕೈ ಅಡ್ಡ ಹಿಡಿಯಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ.

ಮನೆಯಂಗಳದಲ್ಲಿ ದೋಷವನ್ನು ಹೊರಗೆಳೆಯುವುದು

ದಾರಿಯಲ್ಲಿ ಪರೀಕ್ಷಿಸಲು ಆಗದಿದ್ದರೆ ಅದೇ ಸ್ಥಿತಿಯನ್ನು ಮನೆಯಲ್ಲಿ ತರಿಸಬೇಕು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಗಾಡಿ ಶೆಡ್ಡಿನ ಹೊರಗಿರಲಿ. ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಿದರೆ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ.

1. ಕುಲುಕಿ ನೋಡುವುದು: ಎಂಜಿನ್ ಓಡುತ್ತಿರಲಿ. ಒಣ ಮರದ ಕೋಲಿನಿಂದ ಫ್ಯೂಸ್ ಡಬ್ಬಿ, ಕಾಯಿಲಿನ ತೆಳು ವೈರುಗಳು, ಜೋಡಣೆಗಳನ್ನು ಒಂದೊಂದಾಗಿ ಅಲುಗಿಸಿ. ಕೀಯನ್ನೂ ಮೃದುವಾಗಿ ಅಲ್ಲಾಡಿಸಿ. ಎಲ್ಲಿ ಮುಟ್ಟಿದಾಗ ಎಂಜಿನ್ ತಡವರಿಸಿತೋ ದೋಷ ಅಲ್ಲಿದೆ. ತಿರುಗುವ ಫ್ಯಾನ್ ಮತ್ತು ಬೆಲ್ಟಿನಿಂದ ಕೈ, ಬಟ್ಟೆ ದೂರವಿರಲಿ.

2. ಕತ್ತಲಲ್ಲಿ ನೋಡುವುದು: ರಾತ್ರಿ ದೀಪ ಆರಿಸಿ, ಓಡುವ ಎಂಜಿನ್ನಿನ ಪ್ಲಗ್ ವೈರ್ ಮತ್ತು ಕ್ಯಾಪಿನ ಮೇಲೆ ಸ್ಪ್ರೇ ಬಾಟಲಿಯಿಂದ ಸಣ್ಣಗೆ ನೀರು ಸಿಂಪಡಿಸಿ. ದೂರ ನಿಂತು ನೋಡಿ. ವೈರಿನಿಂದ ಲೋಹಕ್ಕೆ ನೀಲಿ ಎಳೆಗಳು ಹಾರಿದರೆ ಮಳೆಯಲ್ಲಿ ಕಾರು ನಿಲ್ಲುವುದು ಯಾಕೆಂದು ಕಣ್ಣಿಗೇ ಕಾಣುತ್ತದೆ.

3. ಬಲ್ಬು ಒಳಗೆ ತರುವುದು: ಕಾಯಿಲಿನ ಪ್ಲಸ್‌ನಿಂದ ಚಿಕ್ಕ ಫ್ಯೂಸ್ ಮೂಲಕ ಒಂದು ವೈರ್ ಎಳೆದು, ಟೆಸ್ಟ್ ಲ್ಯಾಂಪನ್ನು ಡ್ಯಾಶ್‌ಬೋರ್ಡಿನ ಮೇಲಿಡಿ. ಹಗಲು, ವಾಹನ ಕಡಿಮೆ ಇರುವ ಸಮತಟ್ಟು ರಸ್ತೆಯಲ್ಲಿ ಓಡಿಸಿ. ಬಲ್ಬು ನೋಡುವ ಕೆಲಸ ಪಕ್ಕದವರದು, ಓಡಿಸುವವರ ಕಣ್ಣು ರಸ್ತೆಯ ಮೇಲಿರಲಿ. ಎಂಜಿನ್ ನಿಲ್ಲುವಾಗ ಬಲ್ಬೂ ಆರಿದರೆ ಕೀ ಸ್ವಿಚ್, ಫ್ಯೂಸ್ ಅಥವಾ ವೈರ್. ಬಲ್ಬು ಹತ್ತಿದ್ದೂ ಎಂಜಿನ್ ಥಟ್ಟನೆ ನಿಂತರೆ ಕಾಯಿಲ್ ಅಥವಾ ಡಿಸ್ಟ್ರಿಬ್ಯೂಟರ್. ಬಲ್ಬು ಹತ್ತಿದ್ದು ಎಂಜಿನ್ ಸೊರಗಿ ನಿಂತರೆ ಪೆಟ್ರೋಲ್.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಮೊದಲಿಗೇ ಕಾರ್ಬ್ಯುರೇಟರ್ ಬಿಚ್ಚುವುದು. ಕಿಡಿ ಪರೀಕ್ಷಿಸದೆ ಕಾರ್ಬ್ಯುರೇಟರ್ ಮುಟ್ಟಿದರೆ ಸರಿಯಿದ್ದ ಸೆಟ್ಟಿಂಗ್ ಕೆಡುತ್ತದೆ. ಆಮೇಲೆ ದೋಷ ಒಂದಿದ್ದದ್ದು ಎರಡಾಗುತ್ತದೆ.

2. ಒಮ್ಮೆಗೇ ನಾಲ್ಕು ಪಾರ್ಟ್ ಬದಲಾಯಿಸುವುದು. ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಒಂದನ್ನು ಬದಲಾಯಿಸಿ, ಕೆಲವು ದಿನ ಓಡಿಸಿ, ಆಮೇಲೆ ಮುಂದಿನದು.

3. ಹೊಸ ಪಾರ್ಟ್ ಎಂದರೆ ಒಳ್ಳೆಯ ಪಾರ್ಟ್ ಎಂದುಕೊಳ್ಳುವುದು. ನಕಲಿ ಕಂಡೆನ್ಸರ್, ಕಾಯಿಲ್ ಹಾಕಿದ ವಾರದಲ್ಲೇ ಕೈಕೊಡಬಹುದು. ಕೆಲಸ ಮಾಡುತ್ತಿದ್ದ ಹಳೆಯ ಪಾರ್ಟನ್ನು ಎಸೆಯದೆ ಗುರುತು ಬರೆದು ಕಾರಿನಲ್ಲಿಡಿ.

4. ಕಾರ್ಬ್ಯುರೇಟರಿನ ಬಾಯಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವುದು. ಎಂಜಿನ್ ಹಿಂದಕ್ಕೆ ಉರಿ ಹೊಡೆದರೆ ಕೈಯಲ್ಲಿರುವ ಬಾಟಲಿಗೇ ಬೆಂಕಿ ಹತ್ತುತ್ತದೆ. ಬಾಟಲಿಯಲ್ಲಿ ಪೆಟ್ರೋಲ್ ತುಂಬಿ ಬಾನೆಟ್ಟಿನೊಳಗೆ ನೇತುಹಾಕಿ ಓಡಿಸುವುದೂ ಅಷ್ಟೇ ಅಪಾಯ.

5. ಫ್ಯೂಸ್ ಜಾಗಕ್ಕೆ ತಂತಿ ಸುತ್ತುವುದು. ಫ್ಯೂಸ್ ಹೋಗುವುದಕ್ಕೆ ಕಾರಣವಾದ ವೈರ್ ಆಗ ಬೆಂಕಿ ಹಿಡಿಯುತ್ತದೆ.

6. ಬ್ಯಾಟರಿಯಿಂದ ಕಾಯಿಲಿಗೆ ನೇರ ವೈರ್ ಕೊಟ್ಟು ಹಾಗೇ ಓಡಿಸುವುದು. ಅಪಘಾತವಾದರೆ ಕೀ ತಿರುಗಿಸಿದರೂ ಎಂಜಿನ್ ನಿಲ್ಲುವುದಿಲ್ಲ. ಬ್ಯಾಲಸ್ಟ್ ರೆಸಿಸ್ಟರ್ ಇರುವ ಗಾಡಿಯಲ್ಲಿ ಕಾಯಿಲೂ ಸುಡುತ್ತದೆ.

7. ತಾನಾಗಿ ಸರಿಹೋಯಿತೆಂದು ಬಿಡುವುದು. ಇಂಥ ದೋಷ ಬಂದುಹೋಗುವ ಅಂತರ ಕಡಿಮೆಯಾಗುತ್ತಾ ಹೋಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ.

ಮಳೆ ಹಿಡಿಯುವ ಮುನ್ನ, ಮೇ ತಿಂಗಳಲ್ಲಿ

ಬ್ಯಾಟರಿ ಟರ್ಮಿನಲ್, ಅರ್ತ್ ಪಟ್ಟಿ ಉಜ್ಜಿಸಿ ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಗಟ್ಟಿಯಾದ ಪ್ಲಗ್ ವೈರುಗಳನ್ನು ಪೂರ್ತಿ ಸೆಟ್ ಬದಲಾಯಿಸಿ. ಪೆಟ್ರೋಲ್ ಫಿಲ್ಟರ್ ಹೊಸದು ಹಾಕಿ, ರಬ್ಬರ್ ಪೈಪುಗಳನ್ನು ಬಗ್ಗಿಸಿ ಬಿರುಕು ನೋಡಿ. ಎಂಜಿನ್ ಕೆಳಗಿನ ಕೆಸರು ತಡೆಯುವ ಹಾಳೆ ಕಳಚಿದ್ದರೆ ಮರಳಿ ಕೂರಿಸಿ. ಗಾಡಿ ತೊಳೆಸುವಾಗ ಡಿಸ್ಟ್ರಿಬ್ಯೂಟರಿನ ಮೇಲೆ ನೀರಿನ ಜೆಟ್ ಬಿಡಿಸಬೇಡಿ.

ಕಾರಿನಲ್ಲಿ ಇವಿಷ್ಟು ಯಾವಾಗಲೂ ಇರಲಿ: ಟಾರ್ಚ್, ಟೆಸ್ಟ್ ಲ್ಯಾಂಪ್, ಒಂದು ಹೆಚ್ಚುವರಿ ಪ್ಲಗ್, ಸರಿಯಾದ ಅಳತೆಯ ಫ್ಯೂಸುಗಳು, ಕ್ಲಿಪ್ ಇರುವ ಜಂಪರ್ ವೈರ್, ಇನ್ಸುಲೇಷನ್ ಟೇಪ್, ಒಣ ಬಟ್ಟೆ, ಮರದ ತುಂಡು, ತ್ರಿಕೋನ ಫಲಕ, ಬೆಂಕಿ ಆರಿಸುವ ಒಣ ಪುಡಿಯ ಚಿಕ್ಕ ಸಿಲಿಂಡರ್.

ಗ್ಯಾರೇಜಿಗೆ ಒಯ್ಯುವ ಚೀಟಿ

'ಆಗಾಗ ಆಫ್ ಆಗುತ್ತೆ, ಸ್ವಲ್ಪ ನೋಡಿ' ಎಂದು ಕೀ ಕೊಟ್ಟು ಬರಬೇಡಿ. ಒಂದು ಹಾಳೆಯಲ್ಲಿ ಬರೆದು ಕೊಡಿ: ನಿಂತ ದಿನ ಮತ್ತು ಜಾಗ, ಹೊರಟು ಎಷ್ಟು ಹೊತ್ತಾಗಿತ್ತು, ಮಳೆಯೋ ಬಿಸಿಲೋ, ಏರೋ ಇಳಿಜಾರೋ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿತ್ತು, ಥಟ್ಟನೆಯೋ ಸೊರಗಿಯೋ, ಕಿಡಿ ಇತ್ತೇ, ಪೆಟ್ರೋಲ್ ಚಿಮ್ಮಿತೇ, ಎಷ್ಟು ಹೊತ್ತಿನ ಮೇಲೆ ಮತ್ತೆ ಹತ್ತಿಕೊಂಡಿತು, ಈಗಾಗಲೇ ಏನೇನು ಬದಲಾಯಿಸಿದೆ. ಇಂಥ ಮೂರು ನಾಲ್ಕು ಸಲದ ವಿವರವನ್ನು ಪಕ್ಕಪಕ್ಕ ಇಟ್ಟು ನೋಡಿದರೆ 'ಯಾವಾಗಲೋ ನಿಲ್ಲುತ್ತದೆ' ಎಂದುಕೊಂಡಿದ್ದ ಕಾರು ನಿರ್ದಿಷ್ಟ ಸ್ಥಿತಿಯಲ್ಲೇ ನಿಲ್ಲುತ್ತಿದೆ ಎಂಬುದು ಗೋಚರವಾಗುತ್ತದೆ. ಒಳ್ಳೆಯ ಮೆಕ್ಯಾನಿಕ್ ಕೈಗೆ ಅಂಥ ಹಾಳೆ ಸಿಕ್ಕರೆ ಎಲ್ಲಿಂದ ಶುರು ಮಾಡಬೇಕೆಂದು ಅವರಿಗೆ ತಿಳಿಯುತ್ತದೆ. ನಿಮಗೂ ಬೇಡದ ಪಾರ್ಟುಗಳ ಖರ್ಚು ಉಳಿಯುತ್ತದೆ.